ಹತ್ತೋದು ಮೆಟ್ಟಿಲಲ್ಲಿ, ಇಳಿಯೋದು ಬಸ್ಸಲ್ಲಿ

ಮಂಡಿನೋವಿಲ್ಲದೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಈಗ ವಾರವಾರ ಹತ್ತುತ್ತಿದ್ದೇನೆ. "ಐವತ್ತು ದಾಟಿತು, ಮೆಟ್ಟಿಲ ಸಹವಾಸ ಬಿಡಿ" ಎಂದವರೇ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಕೇಳಲಿ, ಖುಷಿಯೇ.

ನನಗೆ ನೋವು ಶುರುವಾಗುತ್ತಿದ್ದದ್ದು ಯಾವಾಗಲೂ ಇಳಿಯುವಾಗ. ಇಳಿಯುವಾಗ ಬಗ್ಗಿದ ಒಂದೇ ಮಂಡಿ ಮೈಭಾರವನ್ನೆಲ್ಲ ತಡೆಯಬೇಕಲ್ವಾ? ಹಾಗಾಗಿ ಇಳಿಯುವುದನ್ನೇ ಬಿಟ್ಟೆ. ಹತ್ತುವುದು ಮಾತ್ರ ಮೆಟ್ಟಿಲಲ್ಲಿ, ವಾಪಸ್ಸು 201ನೇ ನಂಬರ್ ಬಸ್ಸಲ್ಲಿ. "ಇದು ಅರ್ಧ ಬೆಟ್ಟ ಹತ್ತಿದ ಹಾಗೆ" ಎಂದು ಜೊತೆಯವರು ಮೂಗು ಮುರಿದರು. ಹರಕೆ ಹೊತ್ತವರಿಗೂ ಹತ್ತುವುದೇ ಲೆಕ್ಕ, ಇಳಿಯುವುದಲ್ಲ ಎಂದೆ.

ಇದಕ್ಕೆ ಮೊದಲು ಸುರಿದ ದುಡ್ಡು ಕಡಿಮೆಯಲ್ಲ. ಶೂಗೆ 5-6 ಸಾವಿರ, ನೀ ಕ್ಯಾಪ್‌ಗೆ ಸಾವಿರದ ಮೇಲೆ, ಫಿಸಿಯೋಥೆರಪಿಗೆ ಹತ್ತಿರ ಹತ್ತಿರ 8 ಸಾವಿರ. ನೀ ಕ್ಯಾಪ್ ನಂದಿ ತಲುಪುವಷ್ಟರಲ್ಲಿ ಬೆವರಿಗೆ ಜಾರಿ ಕಣಕಾಲಿಗೆ ಬರುತ್ತಿತ್ತು. ಎರಡು ಕೋಲು ಹಿಡಿದು ಇಳಿದೂ ನೋಡಿದೆ. ಮಂಡಿಗೆ ಸ್ವಲ್ಪ ಆರಾಮ, ಆದರೆ ಭುಜ ಹಿಡಿದುಕೊಂಡಿತು. ಶಕ್ತಿ ಯೋಜನೆ ಬಂದ ಮೇಲೆ ಸಾದಾ ಬಸ್ಸಿಗೆ ನನಗೆ ಖರ್ಚೇ ಇಲ್ಲ.

ಬರಿಗಾಲಲ್ಲೂ ಹತ್ತಿದ್ದೇನೆ. ಬೇಸಿಗೆ ಬೆಳಗ್ಗೆ ಬಹಳ ಹಿತ. ಮಳೆಗಾಲದಲ್ಲಿ ಬೇಡ, ಮೆಟ್ಟಿಲಿಗೆ ಹಚ್ಚಿದ ಅರಿಶಿನ ಕುಂಕುಮ ನೆನೆದು ಜಾರುತ್ತದೆ. ಆಷಾಢ ಶುಕ್ರವಾರ ಆ ಕಡೆ ತಲೆ ಹಾಕುವುದಿಲ್ಲ, ಆ ಜನಜಂಗುಳಿಯಲ್ಲಿ ನಮ್ಮ ಹೆಜ್ಜೆ ನಮ್ಮ ಕೈಯಲ್ಲಿರುವುದಿಲ್ಲ.

ಪಾದದಿಂದ ಮೊದಲ 300 ಮೆಟ್ಟಿಲೇ ಕಡಿದು. ಅಲ್ಲಿ ಉಸಿರಿಗೆ ನನ್ನದೇ ಒಂದು ಲೆಕ್ಕವಿದೆ. ಅದನ್ನು ಬರೆಯುವುದಿಲ್ಲ, ಜೊತೆಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ. ಸುಮಾರು 700ನೇ ಮೆಟ್ಟಿಲಲ್ಲಿ ನಂದಿ. ದೊಡ್ಡ ದೇವರಾಜ ಒಡೆಯರ್ ಕಾಲದ ಏಕಶಿಲೆ, 16 ಅಡಿ ಎತ್ತರ ಇರಬಹುದು. ಎಲ್ಲರೂ ಅಲ್ಲಿ ಕೂರುತ್ತಾರೆ. ನಾನು ಕೂರುವುದಿಲ್ಲ, ಕೂತರೆ ಮಂಡಿ ಬಿಗಿಯುತ್ತದೆ. ನಿಧಾನವಾಗಿ ಪ್ರದಕ್ಷಿಣೆ ಹಾಕುತ್ತೇನೆ, ದಣಿವೂ ಆರುತ್ತದೆ.

ನೋಟಕ್ಕೆ ನನ್ನ ಆಯ್ಕೆ ಅಕ್ಟೋಬರ್. ಜನ ಚಳಿಗಾಲ ಅಂತಾರೆ, ಆಗ ಊರ ಮೇಲೆ ಮಂಜು. ಮಳೆ ಹೊಯ್ದು ಬಿಟ್ಟ ಮಾರನೆಯ ಬೆಳಗ್ಗೆ ಲಲಿತ ಮಹಲ್ಲಿನ ಬಿಳಿ ಗುಮ್ಮಟ, ರೇಸ್ ಕೋರ್ಸ್, ಕಾರಂಜಿ ಕೆರೆ, ಅರಮನೆ ಎಲ್ಲ ತೊಳೆದಿಟ್ಟ ಹಾಗೆ ಕಾಣುತ್ತವೆ. ಇನ್ನೂ ತಿಳಿಯಾಗಿದ್ದರೆ ದೂರದಲ್ಲಿ ಕೆಆರ್‌ಎಸ್ ನೀರೂ ಹೊಳೆಯುತ್ತದೆ. ಮರಗಳ ಸಂದಿಯಿಂದ ಇದೆಲ್ಲ ಒಟ್ಟಿಗೆ ಕಾಣುವ ಜಾಗ ಒಂದಿದೆ. ಅದೂ ಸದ್ಯಕ್ಕೆ ನನ್ನದೇ.

ಭಾನುವಾರ ಬೇಗ ಮೇಲೆ ಮುಟ್ಟಿ. ಒಂಬತ್ತು ದಾಟಿದರೆ ಬಸ್ಸಲ್ಲಿ ಸೀಟು ಸಿಗೋದು ಕಷ್ಟ, ನಿಂತು ಬಂದರೆ ತಿರುವು ತಿರುವಿಗೂ ಮಂಡಿಗೇ ಪೆಟ್ಟು.