ಪಕ್ಕದ ಮನೆಯ ಪತ್ರದಲ್ಲಿ ಸಿಕ್ಕಿದ ಓಣಿ

ಬೆಂಗಳೂರಿನ ಹಳೆ ತರಗುಪೇಟೆಯ ಒಂದು ಓಣಿಯ ನೂರು ವರ್ಷದ ಕಥೆಯನ್ನು ಮನೆಮನೆಯಾಗಿ ಜೋಡಿಸಿ ಮುಗಿಸಿದ್ದೇನೆ. 'ಕೆಂಪೇಗೌಡರು, 1537, ಇನ್ನೇನಿದೆ ಹುಡುಕೋಕೆ?' ಅಂದ ಗೆಳೆಯರೇ ಈಗ ನನ್ನ ನಕ್ಷೆಯ ಪ್ರತಿ ಕೇಳುತ್ತಿದ್ದಾರೆ.

ಮೊದಲ ಎರಡು ವರ್ಷ ದಂಡ. ಹಿರಿಯರ ಮಾತು ಬರೆದುಕೊಂಡೆ. ಗಾಣ ಓಣಿಯ ಬಾಯಲ್ಲಿತ್ತು ಅಂತ ಒಬ್ಬರು, ಕೊನೆಯಲ್ಲಿತ್ತು ಅಂತ ಇನ್ನೊಬ್ಬರು. ಹಳೆ ದಾಖಲೆ ತೆಗೆಸಿಕೊಡ್ತೀನಿ ಅಂದವನ ಕೈಗೆ ಸುಮಾರು ನಾಲ್ಕು ಸಾವಿರ ಹೋಯಿತು. ಬಂದದ್ದು ಬೇರೆ ಪೇಟೆಯ ಪತ್ರ!

ದಾರಿ ಸಿಕ್ಕಿದ್ದು ಚಕ್ಕುಬಂದಿಯಲ್ಲಿ, ಅಂದರೆ ಪತ್ರದಲ್ಲಿ ಜಾಗದ ನಾಲ್ಕು ಕಡೆಯ ಗಡಿ ಹೇಳುವ ಭಾಗದಲ್ಲಿ. ಕ್ರಯಪತ್ರ ತನ್ನ ಮನೆಯ ಬಗ್ಗೆ ಹೇಳುವುದು ಕಡಿಮೆ. ಆದರೆ ನೆರೆಯವರು ಯಾರು ಅಂತ ನಾಲ್ಕು ದಿಕ್ಕಿಗೂ ಬರೆದಿರುತ್ತಾರೆ ಅಲ್ವಾ? ಒಂದು ಪತ್ರದಲ್ಲಿ 'ಪೂರ್ವಕ್ಕೆ ಗಾಣದ ಮನೆ'. ಅದರಾಚೆ ಮನೆಯ, ಮೂವತ್ತು ವರ್ಷ ಈಚಿನ ಪತ್ರದಲ್ಲಿ 'ಪಶ್ಚಿಮಕ್ಕೆ ಬೆಲ್ಲದ ಮಂಡಿ'. ಮುಂದಿನದರಲ್ಲಿ 'ಗೋಡೌನ್'. ಎಲ್ಲವೂ ಒಂದೇ ಜಾಗ!

ಇಲ್ಲೂ ಒಮ್ಮೆ ಮುಗ್ಗರಿಸಿದೆ. ಪತ್ರ ಬರೆಯುವವರು ಹಳೆ ಚಕ್ಕುಬಂದಿಯನ್ನೇ ಸುಮ್ನೆ ನಕಲು ಮಾಡಿಬಿಡುತ್ತಾರೆ. ತೀರಿಹೋದವರು ಇಪ್ಪತ್ತು ವರ್ಷ ನೆರೆಯವರಾಗಿಯೇ ಉಳಿಯುತ್ತಾರೆ. ಹಾಗಾಗಿ ಎರಡು ಮನೆಯ ಪತ್ರ ಒಂದನ್ನೊಂದು ಒಪ್ಪಿದರೆ ಮಾತ್ರ ನಕ್ಷೆಯಲ್ಲಿ ಇಂಕು, ಇಲ್ಲದಿದ್ದರೆ ಪೆನ್ಸಿಲ್. ಹದಿನಾಲ್ಕು ಮನೆಯಲ್ಲಿ ಒಂಬತ್ತರ ಪತ್ರ ಸಿಕ್ಕಿತು. ಪತ್ರ ಇಟ್ಟ ಟ್ರಂಕನ್ನು ಮನೆಯವರಿಂದ ತೆಗೆಸೋಕೆ ನನ್ನದೇ ಒಂದು ಉಪಾಯ ಇದೆ, ಅದನ್ನು ಇಲ್ಲಿ ಬರೆಯಲ್ಲ.

ನಡುವೆ ಹೆಂಚಿನ ಹುಚ್ಚು ಹತ್ತಿತ್ತು. ಆ ಗೋಡೌನ್ ಕೆಡವುವಾಗ ಹೆಂಚಿನ ಪಾಚಿ ಉಜ್ಜಿ ನೋಡಿದರೆ 'ಬಾಸೆಲ್ ಮಿಷನ್, 1865'; ಹೆಂಚಿನ ಕಾರ್ಖಾನೆ ನಡೆಸುತ್ತಿದ್ದ ಕ್ರೈಸ್ತ ಮಿಷನ್ ಅದು. ಕುಣಿದಾಡಿದೆ. ಆಮೇಲೆ ತಿಳಿಯಿತು, ಅದು ಮಂಗಳೂರಿನಲ್ಲಿ ಕಾರ್ಖಾನೆ ಶುರುವಾದ ವರ್ಷ, ಹೆಂಚು ಸುಟ್ಟ ವರ್ಷವಲ್ಲ. ಪಕ್ಕದ ಸಾಲಿನಲ್ಲಿ 'ಕಾಮನ್‌ವೆಲ್ತ್' ಹೆಂಚು. ಮೊದಲ ಮಹಾಯುದ್ಧದ ನಂತರ ಮಿಷನ್ನಿನ ಕಾರ್ಖಾನೆಗಳು ಕೈಬದಲಾದ ಮೇಲೆ ಬಂದ ಹೆಸರದು. ಅಂದರೆ ಆ ಸಾಲು ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಮಂಡಿಯ ಪತ್ರದ ಕಾಲಕ್ಕೆ ಸರಿಯಾಗಿ ಕೂತಿತು.

1898ರ ಪ್ಲೇಗ್ ಆದ ನಾಲ್ಕೈದು ವರ್ಷದೊಳಗೆ ಓಣಿಯ ಮೂರು ಮನೆ ಮಾರಾಟವಾಗಿವೆ. ಮಾರಿದ ಒಬ್ಬರ ಹೊಸ ವಾಸ ಬಸವನಗುಡಿ, ಪ್ಲೇಗಿನ ನಂತರ ಪೇಟೆಯಾಚೆ ಎದ್ದ ಹೊಸ ಬಡಾವಣೆ. ಆ ಸಾಲು ಓದಿದ ದಿನ ನನಗೆ ಊಟ ಸೇರಲಿಲ್ಲ.

ನಕಲು, ಜೆರಾಕ್ಸ್, ಓಡಾಟ ಎಲ್ಲ ಸೇರಿ ಹದಿನೆಂಟು ಸಾವಿರದ ಹತ್ತಿರ ಖರ್ಚು. ಗಾಣ ಓಣಿಯ ಬಾಯಲ್ಲೂ ಇರಲಿಲ್ಲ, ಕೊನೆಯಲ್ಲೂ ಇರಲಿಲ್ಲ. ನಡುವೆ, ಎಡಗಡೆ ಆರನೇ ಜಾಗ. ಅದನ್ನು ಇಂಕಿನಲ್ಲೇ ಬರೆದಿದ್ದೇನೆ.