ಬೀನ್ಸ್ ರಸ, ಕೆಂಪು ಜೆಲ್ ಮತ್ತು ನನ್ನ ಅವಸರ

ಬೂಷ್ಟು ಗಿಡದೊಳಗೆ ನುಗ್ಗಬೇಕಾದರೆ ಮೊದಲು ಗೋಡೆ ಒಡೆಯಬೇಕು. ಜೀವಕೋಶದ ಗೋಡೆಯಲ್ಲಿರುವ ಪೆಕ್ಟಿನ್ ಕತ್ತರಿಸಲು ಅದು ಪಾಲಿಗ್ಯಾಲಕ್ಟುರೊನೇಸ್ ಎಂಬ ಕಿಣ್ವ ಬಿಡುತ್ತದೆ. ಲ್ಯಾಬಿನಲ್ಲಿ ನಾವು ಪಿಜಿ ಅಂತೀವಿ. ಗಿಡವೇನು ಸುಮ್ನೆ ಕೂತಿರುತ್ತಾ? ಅದೇ ಗೋಡೆಯಲ್ಲಿ ಪಿಜಿಐಪಿ ಎಂಬ ಪ್ರೋಟೀನನ್ನು ಕಾವಲಿಗೆ ಇಟ್ಟಿರುತ್ತದೆ. ಅದು ಪಿಜಿಗೆ ಅಂಟಿಕೊಂಡು ಅದರ ಕೈ ಕಟ್ಟುತ್ತದೆ. ಇದನ್ನು ಕಣ್ಣಾರೆ ನೋಡಬೇಕು ಅಂತ ನಾನು ಹಿಡಿದದ್ದು ಬೀನ್ಸ್ ಮೊಳಕೆಯನ್ನು.

ಮೊಳಕೆಯ ಕಾಂಡವನ್ನು ತಣ್ಣಗಿನ ಬಫರಿನಲ್ಲಿ, ಅಂದರೆ ಹುಳಿ-ಕ್ಷಾರದ ಮಟ್ಟ ಕದಲದಂತೆ ಹಿಡಿದಿಡುವ ದ್ರಾವಣದಲ್ಲಿ, ಅರೆದೆ. ಈ ಪ್ರೋಟೀನ್ ಗೋಡೆಗೆ ಅಂಟಿಕೊಂಡಿರುತ್ತದೆ, ಬರೀ ನೀರಿಗೆ ಸರಿಯಾಗಿ ಬಿಡುವುದಿಲ್ಲ. ಹಾಗಾಗಿ ಬಫರಿಗೆ 1 ಮೋಲಾರ್ ಉಪ್ಪು. ಇತ್ತ ಪೆಕ್ಟಿನ್ ಅಂಶ ಬೆರೆಸಿದ ಅಗರೋಸ್ ಜೆಲ್ (ಕಡಲಪಾಚಿಯಿಂದ ಸಿಗುವ ಜೆಲ್ಲಿ) ಹಾಕಿ, ಸಣ್ಣ ಗುಳಿ ಕೊರೆದು, ಒಂದಕ್ಕೆ ಕಪ್ಪು ಬೂಷ್ಟಿನ ಪಿಜಿ, ಪಕ್ಕದ್ದಕ್ಕೆ ಅಷ್ಟೇ ಪಿಜಿ ಜೊತೆಗೆ ಬೀನ್ಸ್ ರಸ ಬಿಟ್ಟೆ. ರಾತ್ರಿಯಿಡೀ 30 ಡಿಗ್ರಿಯಲ್ಲಿಟ್ಟು, ಬೆಳಗ್ಗೆ ರುಥೇನಿಯಂ ರೆಡ್ ಬಣ್ಣ ಸುರಿದೆ. ಪೆಕ್ಟಿನ್ ಉಳಿದಲ್ಲೆಲ್ಲ ಜೆಲ್ ಕೆಂಪಾಯಿತು. ಪಿಜಿ ತಿಂದ ಕಡೆ ಗುಳಿಯ ಸುತ್ತ ಬಿಳಿ ವೃತ್ತ. ರಸ ಹಾಕಿದ ಗುಳಿಯ ವೃತ್ತ ಚಿಕ್ಕದು! ಆ ದಿನವೇ ಎಲ್ಲರಿಗೂ ತೋರಿಸಿಬಿಟ್ಟೆ.

ಮಾರನೇ ದಿನ ರಸವನ್ನು ಕುದಿಸಿ ಹಾಕಿದೆ. ಕುದಿಸಿದರೆ ಪ್ರೋಟೀನ್ ಕೆಡುತ್ತದೆ, ಆಗ ವೃತ್ತ ಮತ್ತೆ ದೊಡ್ಡದಾಗಬೇಕು, ಅಲ್ವಾ? ಆಗಲಿಲ್ಲ. ಅಷ್ಟೇ ಚಿಕ್ಕದು. ಬರೀ ಉಪ್ಪಿನ ಬಫರ್ ಹಾಕಿದೆ, ಆಗಲೂ ಚಿಕ್ಕದೇ. ಪಿಜಿಯನ್ನು ತಡೆದದ್ದು ನನ್ನ ಉಪ್ಪು! ಮುಖ ಎಲ್ಲಿಡಲಿ ಅನಿಸಿತು.

ಆಮೇಲೆ ರಸವನ್ನು ಉಪ್ಪನ್ನು ಹೊರಬಿಟ್ಟು ಪ್ರೋಟೀನನ್ನು ಒಳಗೇ ಉಳಿಸುವ ಡಯಾಲಿಸಿಸ್ ಪೊರೆಯಲ್ಲಿ ತುಂಬಿ, ಉಪ್ಪಿಲ್ಲದ ಬಫರಿನಲ್ಲಿ ರಾತ್ರಿಯಿಡೀ ಬಿಟ್ಟೆ, ಬಫರ್ ಎರಡು ಸಲ ಬದಲಿಸಿದೆ. ಈ ಸಲ ಕುದಿಸಿದ ರಸದ ವೃತ್ತ ಪಿಜಿ ಒಂದೇ ಹಾಕಿದಷ್ಟೇ ಅಗಲ, ಹಸಿ ರಸದ್ದು ಮಾತ್ರ ಚಿಕ್ಕದು. ನೋಡೋಕೆ ವ್ಯತ್ಯಾಸ ಎರಡೇ ಮಿಲಿಮೀಟರ್. ಆದರೆ ಇಲ್ಲಿ ಕಿಣ್ವ ಹತ್ತು ಪಟ್ಟು ಜಾಸ್ತಿಯಾದರೂ ವೃತ್ತ ಹತ್ತು ಪಟ್ಟು ಹಿಗ್ಗುವುದಿಲ್ಲ, ಲಾಗ್ ಲೆಕ್ಕದಲ್ಲಿ ಮೆಲ್ಲಗೆ ಬೆಳೆಯುತ್ತದೆ. ಹಾಗಾಗಿ ಆ ಎರಡು ಮಿಲಿಮೀಟರ್ ಸಣ್ಣ ಮಾತಲ್ಲ. ಅಳೆಯೋಕೆ ಮುಂಚೆ, ಹೋಲಿಸಿ ನೋಡಲು, ಗೊತ್ತಿರುವ ಪ್ರಮಾಣದ ಪಿಜಿ ಹಾಕಿದ ಒಂದು ಸಾಲು ಗುಳಿ ಇರಲೇಬೇಕು.

ಪಿಜಿಐಪಿ ಪಿಜಿಯನ್ನು ಪೂರ್ತಿ ನಿಲ್ಲಿಸದೆ ನಿಧಾನ ಮಾಡಿದರೂ ಗಿಡಕ್ಕೆ ಲಾಭವೇ. ಪೆಕ್ಟಿನ್ ಪುಡಿಪುಡಿಯಾಗದೆ ಉದ್ದುದ್ದ ತುಂಡಾಗಿ ಉಳಿಯುತ್ತದೆ, ಆ ತುಂಡುಗಳನ್ನು ಕಂಡೇ ಗಿಡ ಎಚ್ಚರಗೊಳ್ಳುತ್ತದೆ.

ಬೀನ್ಸ್‌ನಲ್ಲಿ ಪಿಜಿಐಪಿಗೆ ನಾಲ್ಕು ಜೀನ್‌ಗಳಿವೆ. ಒಂದು ಜೀನಿನ ಪ್ರೋಟೀನ್ ತಡೆಯುವ ಪಿಜಿಯನ್ನು ಇನ್ನೊಂದರ ಪ್ರೋಟೀನ್ ತಡೆಯದಿರಬಹುದು. ನನ್ನ ರಸದಲ್ಲಿ ಈ ಪ್ರೋಟೀನ್‌ಗಳು ಬೆರೆತಿರುತ್ತವೆ. ಆ ಗುಳಿಯಲ್ಲಿ ಕೆಲಸ ಮಾಡಿದ್ದು ಯಾವುದು ಅಂತ ಕೇಳಿದರೆ, ಈ ಜೆಲ್ ಹೇಳುವುದಿಲ್ಲ.