ಬ್ರಿಟನ್ನಿನಲ್ಲಿ ಕೀಲುವಾತ: ಜಿಪಿಗೆ ಏನು ಹೇಳಬೇಕು, ಆಮೇಲೆ ಏನಾಗುತ್ತದೆ

ದೋಸೆ ಹಿಟ್ಟಿನ ಡಬ್ಬಿಯ ಮುಚ್ಚಳ ತಿರುಗಿಸಲು ಆಗದ ಒಂದು ಬೆಳಗ್ಗೆ ನನ್ನ ಕಾಯಿಲೆ, ಅಂದರೆ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಕೀಲುವಾತ, ಶುರುವಾಯಿತು. ಎರಡೂ ಕೈಯ ಬೆರಳಿನ ಗಂಟುಗಳು ಊದಿಕೊಂಡಿದ್ದವು, ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ಬಿಸಿನೀರಿನಲ್ಲಿ ಕೈಯಿಟ್ಟು ಕೂತರೂ ಬಿಗಿತ ಬಿಡಲು ಒಂದು ಗಂಟೆಗಿಂತ ಜಾಸ್ತಿ ಬೇಕಾಗುತ್ತಿತ್ತು. ಊರಲ್ಲಿದ್ದಿದ್ದರೆ ನೇರವಾಗಿ ರುಮಟಾಲಜಿಸ್ಟ್, ಅಂದರೆ ಕೀಲುವಾತದ ತಜ್ಞರ ಹತ್ತಿರ ಹೋಗಿ, ಫೀಸು ಕೊಟ್ಟು ತೋರಿಸಿಕೊಂಡು ಬರುತ್ತಿದ್ದೆ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಮೊದಲು ಜಿಪಿಯನ್ನೇ, ಅಂದರೆ ನಾವು ಹೆಸರು ನೋಂದಾಯಿಸಿದ ಕುಟುಂಬ ವೈದ್ಯರನ್ನೇ ನೋಡಬೇಕು. ಅವರು ಪತ್ರ ಕಳಿಸಿದ ಮೇಲೇ ಆಸ್ಪತ್ರೆ.

ನಾನು ಜಿಪಿ ಮುಂದೆ ಕೂತು "ಸ್ವಲ್ಪ ಕೈ ನೋವು, ಪರವಾಗಿಲ್ಲ" ಅಂದೆ. ನಮ್ಮ ಅಭ್ಯಾಸ ಅದು, ಅಲ್ವಾ? ದೊಡ್ಡದು ಮಾಡಬಾರದು ಅಂತ. ನೋವಿನ ಮಾತ್ರೆ ಕೊಟ್ಟು ಕಳಿಸಿದರು. ನಾಲ್ಕು ತಿಂಗಳು ಹೋಯಿತು. ಈ ಕಾಯಿಲೆಯಲ್ಲಿ ಮೊದಲ ತಿಂಗಳುಗಳೇ ಮುಖ್ಯ. ಕೀಲಿಗೆ ಒಮ್ಮೆ ಆದ ಹಾನಿ ಮತ್ತೆ ಸರಿಹೋಗುವುದಿಲ್ಲ.

ಹಾಗಾಗಿ ಹೇಳುವ ಮಾತು ಸರಿಯಾಗಿರಬೇಕು. ವಯಸ್ಸಾದಂತೆ ಬರುವ ಕೀಲು ಸವೆತ ಬೇರೆ, ರುಮಟಾಯ್ಡ್ ಆರ್ಥ್ರೈಟಿಸ್ ಬೇರೆ. ಸವೆತದ ನೋವು ಸಾಮಾನ್ಯವಾಗಿ ಓಡಾಡಿದಷ್ಟೂ ಹೆಚ್ಚುತ್ತದೆ, ಕೂತರೆ ತಗ್ಗುತ್ತದೆ. ನಮ್ಮದು ತಿರುಗಾಮುರುಗಾ: ರಾತ್ರಿ ಮಲಗಿ ಎದ್ದಾಗಲೇ ಬಿಗಿತ, ಕೈ ಆಡಿಸುತ್ತಾ ಹೋದಂತೆ ಸಡಿಲ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲಿನ ಒಳಪೊರೆಯ ಮೇಲೆ ಬಿದ್ದಿರುತ್ತದೆ. ಆದ್ದರಿಂದ "ನೋವು" ಅಂತ ಮಾತ್ರ ಹೇಳಬೇಡಿ, "ಊತ" ಅನ್ನಿ. ಯಾವ ಯಾವ ಗಂಟು, ಎಷ್ಟು ವಾರದಿಂದ, ಬೆಳಗ್ಗೆ ಎಷ್ಟು ಹೊತ್ತು ಬಿಗಿತ, ಯಾವ ಕೆಲಸ ಆಗುತ್ತಿಲ್ಲ, ಮನೆಯಲ್ಲಿ ಯಾರಿಗಾದರೂ ಇದೆಯಾ ಎಂದು ಬರೆದುಕೊಂಡು ಹೋಗಿ. ಬೆಳಗ್ಗೆ ಆರಕ್ಕೆ ಊದಿದ ಕೈ ಮಧ್ಯಾಹ್ನದ ಅಪಾಯಿಂಟ್‌ಮೆಂಟ್ ಹೊತ್ತಿಗೆ ಇಳಿದಿರುತ್ತದೆ. ಎದ್ದ ಕೂಡಲೇ ಫೋಟೋ ತೆಗೆದಿಡಿ. ನನ್ನ ಕೆಲಸ ಕೊನೆಗೆ ಆದದ್ದು ಅದರಿಂದಲೇ.

ಇಂಗ್ಲೆಂಡಿಗೆ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಸಂಸ್ಥೆ ನೈಸ್. ಕಾರಣ ಗೊತ್ತಿಲ್ಲದ ಊತ ಇಳಿಯದೆ ಉಳಿದಿದ್ದರೆ ಜಿಪಿ ತಜ್ಞರಿಗೆ ಕಳಿಸಬೇಕು. ಕೈಕಾಲಿನ ಸಣ್ಣ ಕೀಲುಗಳಲ್ಲಿ, ಅಥವಾ ಒಂದಕ್ಕಿಂತ ಹೆಚ್ಚು ಕೀಲಿನಲ್ಲಿ ಊತವಿದ್ದರೆ ಅದು ತುರ್ತು ಎಂದು ನೈಸ್ ಹೇಳುತ್ತದೆ: 3 ಕೆಲಸದ ದಿನಗಳೊಳಗೆ ಪತ್ರ ಹೋಗಬೇಕು, 3 ವಾರದೊಳಗೆ ತಜ್ಞರು ನೋಡಬೇಕು. ರಕ್ತ ಪರೀಕ್ಷೆ ನಾರ್ಮಲ್ ಬಂದರೂ ಕಳಿಸಬೇಕು. ಎಲ್ಲ ಕಡೆಯೂ ಇಷ್ಟು ಬೇಗ ನಡೆಯುವುದಿಲ್ಲ ನಿಜ. ಆದರೆ ನಿಯಮ ಗೊತ್ತಿದ್ದರೆ ವಿನಯವಾಗಿ ಕೇಳಬಹುದು. ಅಮ್ಮನಿಗೋ ಅತ್ತೆಗೋ ಇಂಗ್ಲಿಷ್ ಬರದಿದ್ದರೆ ಕನ್ನಡದ ದುಭಾಷಿ ಬೇಕೆಂದು ಮೊದಲೇ ಹೇಳಿ. ಅದಕ್ಕೆ ಕಾಸು ಕೊಡಬೇಕಿಲ್ಲ.

ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ, ರೋಗನಿರೋಧಕ ಶಕ್ತಿಯ ಈ ದಾಳಿಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್ ಎಂಬ ಔಷಧಿಯಿಂದ ಶುರು ಮಾಡುತ್ತಾರೆ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಓದಿ. ಇದು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮಾತ್ರೆ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಇಲ್ಲಿ ರೂಢಿಯಲ್ಲಿ 2.5 ಮಿಲಿಗ್ರಾಂ ಮಾತ್ರೆಯನ್ನೇ ಕೊಡುತ್ತಾರೆ, ಹಾಗಾಗಿ 15 ಮಿಲಿಗ್ರಾಂ ಅಂದರೆ ಆರು ಮಾತ್ರೆ. ನಮ್ಮ ಭಾರತದಲ್ಲಿ 7.5, 10, 15 ಮಿಲಿಗ್ರಾಂ ಮಾತ್ರೆಗಳೂ ಸಿಗುತ್ತವೆ. ಊರಿಂದ ತಂದ 15ರ ಸ್ಟ್ರಿಪ್ ಮತ್ತು ಇಲ್ಲಿನ ಡಬ್ಬಿ ಒಂದೇ ಕಪಾಟಿನಲ್ಲಿ ಇಟ್ಟು, "ಆರು ಮಾತ್ರೆ" ಅಂತ ನೆನಪಿಟ್ಟುಕೊಂಡರೆ ಏನಾಗಬಹುದು ಯೋಚಿಸಿ. ದಯವಿಟ್ಟು ಎರಡನ್ನೂ ಬೆರೆಸಬೇಡಿ. ಜೊತೆಗೆ ಅಡ್ಡಪರಿಣಾಮ ತಗ್ಗಿಸಲು ಫೋಲಿಕ್ ಆಸಿಡ್, ಬೇರೆ ದಿನ. "ಮೆಥೊಟ್ರೆಕ್ಸೇಟ್ ಮಂಡೇ, ಫೋಲಿಕ್ ಫ್ರೈಡೇ" ಅಂತ ನಾನು ಫ್ರಿಜ್ ಮೇಲೆ ಚೀಟಿ ಅಂಟಿಸಿದ್ದೇನೆ. ಮಗುವಿನ ಯೋಚನೆ ಇದ್ದರೆ ಮೊದಲೇ ತಂಡಕ್ಕೆ ಹೇಳಿ. ಗರ್ಭಿಣಿಯರು ಈ ಔಷಧಿ ತೆಗೆದುಕೊಳ್ಳಬಾರದು.

ಡೋಸು ಸರಿಹೊಂದುವವರೆಗೆ ಎರಡು ವಾರಕ್ಕೊಮ್ಮೆ ರಕ್ತ ಪರೀಕ್ಷೆ, ಆಮೇಲೆ ತಿಂಗಳಿಗೊಮ್ಮೆ, ಎಲ್ಲ ನೆಟ್ಟಗಿದ್ದರೆ ಮೂರು ತಿಂಗಳಿಗೊಮ್ಮೆ. ಅಷ್ಟರಲ್ಲಿ ಔಷಧಿ ಬರೆಯುವ ಜವಾಬ್ದಾರಿಯನ್ನು ಆಸ್ಪತ್ರೆ ನಿಮ್ಮ ಜಿಪಿಗೆ ದಾಟಿಸುತ್ತದೆ. ಎಳೆ ತಪ್ಪುವುದು ಇಲ್ಲೇ. ಆಸ್ಪತ್ರೆ "ಜಿಪಿ ಬರೆಯುತ್ತಾರೆ" ಅನ್ನುತ್ತದೆ, ಜಿಪಿ "ಪತ್ರ ಬಂದಿಲ್ಲ" ಅನ್ನುತ್ತಾರೆ. ಎಲ್ಲ ಪತ್ರಗಳ ಪ್ರತಿ ನಿಮ್ಮ ಕೈಯಲ್ಲಿರಲಿ. ಹೆಚ್ಚಿನ ರುಮಟಾಲಜಿ ವಿಭಾಗಗಳಲ್ಲಿ ನರ್ಸ್‌ಗಳು ನಡೆಸುವ ಸಲಹೆಯ ಫೋನ್ ಲೈನ್ ಇರುತ್ತದೆ. ಜ್ವರ ಬಂದಾಗ, ಊತ ಮರುಕಳಿಸಿದಾಗ ಸುಮ್ನೆ ಕೂರದೆ ಅಲ್ಲಿಗೆ ಫೋನ್ ಮಾಡಿ.

ಇಷ್ಟರಲ್ಲಿ ಹತೋಟಿಗೆ ಬರದಿದ್ದರೆ ಬಯಾಲಜಿಕ್ ಇಂಜೆಕ್ಷನ್, ಅಂದರೆ ರೋಗನಿರೋಧಕ ಶಕ್ತಿಯ ಒಂದು ಭಾಗವನ್ನೇ ಗುರಿಯಿಟ್ಟು ತಡೆಯುವ ಔಷಧಿ. ಇದು ಸಿಗಬೇಕಾದರೆ ಕಾಯಿಲೆ ಎಷ್ಟು ಜೋರಾಗಿದೆ ಎಂದು ತೋರಿಸುವ ಡಿಎಎಸ್28 ಎಂಬ ಅಂಕ ನೋಡುತ್ತಾರೆ, 28 ಕೀಲುಗಳನ್ನು ಒತ್ತಿ ನೋಡಿ ಲೆಕ್ಕ ಹಾಕುವುದು. ಆ ದಿನ ನೋವಾದರೆ ನೋವಾಯಿತು ಅನ್ನಿ, ಹಲ್ಲು ಕಚ್ಚಿ ಸಹಿಸಬೇಡಿ. ಇಂಜೆಕ್ಷನ್‌ಗೆ ಮೊದಲು ಕ್ಷಯದ ಪರೀಕ್ಷೆ ಇರುತ್ತದೆ. ಭಾರತದಲ್ಲಿ ಬೆಳೆದ ನಮ್ಮಲ್ಲಿ ಎಷ್ಟೋ ಜನರ ಮೈಯಲ್ಲಿ ಕ್ಷಯದ ಸೋಂಕು ಸುಮ್ಮನೆ ಮಲಗಿರುತ್ತದೆ, ಈ ಔಷಧಿ ಅದನ್ನು ಎಬ್ಬಿಸಬಹುದು. ಮನೆಯಲ್ಲಿ ಯಾರಿಗೆ ಟಿಬಿ ಆಗಿತ್ತು ಎಂಬುದನ್ನು ಮುಚ್ಚಿಡಬೇಡಿ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು, ಅಂದರೆ ಚಿಕನ್ ಪಾಕ್ಸ್, ಆಗಿತ್ತಾ ಎಂದು ಅಮ್ಮನನ್ನು ಕೇಳಿಟ್ಟುಕೊಳ್ಳಿ. ಅದನ್ನೂ ಕೇಳುತ್ತಾರೆ. ಊರಿಂದ ತರಿಸುವ ಲೇಹ್ಯ, ಭಸ್ಮಗಳ ಹೆಸರನ್ನೂ ಹೇಳಿ. ಕೆಲವು ಭಸ್ಮಗಳಲ್ಲಿ ಸೀಸ ಸಿಕ್ಕಿದೆ.

ಖರ್ಚಿನ ಮಾತು. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನಲ್ಲಿ ಔಷಧಿ ಚೀಟಿಗೆ ದುಡ್ಡಿಲ್ಲ. ಇಂಗ್ಲೆಂಡಿನಲ್ಲಿ 2024ರ ಮೇ ತಿಂಗಳಿನಿಂದ ಒಂದೊಂದು ಔಷಧಿಗೆ 9.90 ಪೌಂಡ್. ವೀಸಾ ಜೊತೆ ಕಟ್ಟಿದ ಆರೋಗ್ಯ ಶುಲ್ಕದಲ್ಲಿ ಇದು ಸೇರಿಲ್ಲ. ತಿಂಗಳಿಗೆ ಎರಡು ಮೂರು ಔಷಧಿ ಇದ್ದರೆ ವರ್ಷದ ಮುಂಗಡ ಪಾವತಿ ಸರ್ಟಿಫಿಕೇಟ್ ಲಾಭ. ನಮ್ಮ ಕಾಯಿಲೆಗೆ ವಿನಾಯಿತಿ ಇಲ್ಲ. ಆದರೆ ಥೈರಾಯ್ಡ್ ಕಡಿಮೆಯಿದ್ದು ದಿನಾ ಮಾತ್ರೆ ನುಂಗುವವರಿಗೆ ವಿನಾಯಿತಿ ಸರ್ಟಿಫಿಕೇಟ್ ಸಿಗುತ್ತದೆ, ಆಗ ಎಲ್ಲ ಔಷಧಿಯೂ ಉಚಿತ. ಎರಡೂ ಇರುವವರು ನಮ್ಮಲ್ಲಿ ಇದ್ದಾರೆ, ಜಿಪಿ ಹತ್ತಿರ ಫಾರ್ಮ್ ಕೇಳಿ. ಸರ್ಕಾರದ ಅಂಗವಿಕಲ ಭತ್ಯೆಗೆ ಮಾತ್ರ ಅವಸರದಲ್ಲಿ ಅರ್ಜಿ ಹಾಕಬೇಡಿ. ವೀಸಾದ ಮೇಲೆ "ಸಾರ್ವಜನಿಕ ನಿಧಿ ಇಲ್ಲ" ಎಂಬ ಷರತ್ತಿದ್ದರೆ ಅದು ವೀಸಾಕ್ಕೇ ಕುತ್ತು.

ಊರಿಗೆ ಹೊರಡುವಾಗ ಇಂಜೆಕ್ಷನ್ ಪೆನ್‌ಗಳನ್ನು ತಂಪು ಚೀಲದಲ್ಲಿ ಹಾಕಿ ಕೈಚೀಲದಲ್ಲೇ ಒಯ್ಯಿರಿ. ದೊಡ್ಡ ಪೆಟ್ಟಿಗೆಗೆ ಹಾಕಿದರೆ ವಿಮಾನದ ಹೊಟ್ಟೆಯಲ್ಲಿ ಹೆಪ್ಪುಗಟ್ಟಬಹುದು, ಹೆಪ್ಪುಗಟ್ಟಿದ್ದನ್ನು ಬಳಸುವಂತಿಲ್ಲ. ಆಸ್ಪತ್ರೆಯಿಂದ ಒಂದು ಪತ್ರ ಬರೆಸಿಕೊಳ್ಳಿ. ಹೊರಡುವ ಹಿಂದಿನ ವಾರವೇ ರಕ್ತ ಪರೀಕ್ಷೆ ಮುಗಿಸಿಬಿಡಿ.